ತಾರಸಿಯ ಬಿಸಿಯೂ ದೇಶದ ಲೆಕ್ಕವೂ

ಬೇಲೂರಿಗೆ ಶಾಲಾ ಪ್ರವಾಸ ಹೋಗುವ ಮಕ್ಕಳು ಶಿಲಾಬಾಲಿಕೆಯರನ್ನು ಕತ್ತೆತ್ತಿ ನೋಡುತ್ತಾರೆ. ಅವರ ಕೆಳಗೇ ಇರುವ ಜಾಲಂಧ್ರಗಳನ್ನು ಗಮನಿಸುವವರು ಕಡಿಮೆ. 1117ರಲ್ಲಿ ವಿಷ್ಣುವರ್ಧನನು ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದಾಗ ನವರಂಗ ತೆರೆದೇ ಇತ್ತು. ಈ ಕಲ್ಲಿನ ಜಾಲರಿಗಳು ಬಂದದ್ದು ಅವನ ಮೊಮ್ಮಗ ಎರಡನೆಯ ವೀರಬಲ್ಲಾಳನ ಕಾಲದಲ್ಲಿ. ಹಳೇಬೀಡಿನ ಹೊಯ್ಸಳೇಶ್ವರದಲ್ಲೂ ಇಂಥವು ಇವೆ. ಅರಸೀಕೆರೆಯ ಈಶ್ವರ ದೇವಾಲಯದ ನಕ್ಷತ್ರಾಕಾರದ ಮಂಟಪವಾದರೋ ಗಾಳಿ ಬೆಳಕಿಗೆ ತೆರೆದುಕೊಂಡಿದೆ.

ವಿದ್ಯುತ್ ಉಳಿಸಲೆಂದು ಯಾರೂ ಜಾಲಂಧ್ರ ಕೆತ್ತಲಿಲ್ಲ, ನಿಜ. ಆದರೆ ಅದು ನೇರ ಬಿಸಿಲನ್ನು ಬಹುಮಟ್ಟಿಗೆ ತಡೆದು, ಬೆಳಕನ್ನೂ ಗಾಳಿಯನ್ನೂ ಒಳಗೆ ಬಿಡುತ್ತದೆ. ದಪ್ಪ ಕಲ್ಲಿನ ಗೋಡೆಗಳು ನಿಧಾನವಾಗಿ ಕಾಯುತ್ತವೆ. ಹೊರಗಿನ ಅಂಗಳದಲ್ಲಿ ಅಂಗಾಲು ಸುಡುವ ಮಧ್ಯಾಹ್ನದಲ್ಲೂ ಒಳಗೆ ತಂಪು.

ಈಗ ನಮ್ಮ ಮನೆಗಳಿಗೆ ಬರೋಣ. ಮಂಗಳೂರು ಹೆಂಚಿನ ಮನೆಗಳು ಹೋಗಿ ಕಾಂಕ್ರೀಟ್ ತಾರಸಿಗಳು ಬಂದಿವೆ. ಹೆಂಚಿನ ಸಂದುಗಳಲ್ಲಿ ಬಿಸಿಗಾಳಿ ಹೊರಹೋಗುತ್ತಿತ್ತು. ತಾರಸಿ ಹಗಲೆಲ್ಲ ಬಿಸಿಲು ಕುಡಿದು, ಆ ಶಾಖವನ್ನು ರಾತ್ರಿ ಮಲಗುವ ಹೊತ್ತಿಗೆ ಕೆಳಗೆ ಬಿಡುತ್ತದೆ. ನಮ್ಮ ಸೀಮೆ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರ ಮಧ್ಯಾಹ್ನದ ಸೂರ್ಯ ನಡುನೆತ್ತಿಯ ಮೇಲೇ ಇರುತ್ತಾನೆ. ಆಗ ಎಲ್ಲಕ್ಕಿಂತ ಹೆಚ್ಚು ಬಿಸಿಲು ಬೀಳುವುದು ಗೋಡೆಗಲ್ಲ, ತಾರಸಿಗೆ. ಆಮೇಲೆ ರಾತ್ರಿಯಿಡೀ ಫ್ಯಾನು, ಅನುಕೂಲವಿದ್ದವರಿಗೆ ಏಸಿ.

ಇದಕ್ಕೂ ದೇಶಕ್ಕೂ ಏನು ಸಂಬಂಧ? ಒಂದು ಲೆಕ್ಕ ಮಾಡೋಣ. ಹಳೆಯ ಮಾದರಿಯ ಫ್ಯಾನು ಸುಮಾರು 75 ವಾಟ್ ಬಳಸಿದರೆ, ಹೊಸ ಬಿಎಲ್‌ಡಿಸಿ ಫ್ಯಾನು ಸುಮಾರು 30 ವಾಟ್ ಬಳಸುತ್ತದೆ. ವ್ಯತ್ಯಾಸ 45 ವಾಟ್. ದಿನಕ್ಕೆ 10 ಗಂಟೆಯಂತೆ 300 ದಿನಕ್ಕೆ 135 ಯೂನಿಟ್. ದೇಶದ ಸರಾಸರಿಯಲ್ಲಿ ಒಂದು ಯೂನಿಟ್ ವಿದ್ಯುತ್ತಿನ ಹಿಂದೆ ಸುಮಾರು 0.7 ಕಿಲೋಗ್ರಾಂ ಇಂಗಾಲದ ಡೈಆಕ್ಸೈಡ್ ಹೊರಬೀಳುತ್ತದೆ. ನಮ್ಮ ವಿದ್ಯುತ್ತಿನ ಬಹುಪಾಲು ಕಲ್ಲಿದ್ದಲಿನದು. ಅಂದರೆ ಒಂದೇ ಫ್ಯಾನಿನಿಂದ ವರ್ಷಕ್ಕೆ ಸುಮಾರು 95 ಕಿಲೋಗ್ರಾಂ ಉಳಿತಾಯ! 2023ರಲ್ಲಿ ಆರಂಭವಾದ ಗೃಹಜ್ಯೋತಿಯಿಂದ ಬಿಲ್ಲು ಸೊನ್ನೆಯಾಗಬಹುದು. ಈ ಲೆಕ್ಕ ಸೊನ್ನೆಯಾಗುವುದಿಲ್ಲ.

2070ರ ಹೊತ್ತಿಗೆ ನಿವ್ವಳ ಹೊರಸೂಸುವಿಕೆಯನ್ನು ಶೂನ್ಯಕ್ಕೆ ತರುವುದಾಗಿ ಭಾರತ 2021ರಲ್ಲಿ ಗ್ಲಾಸ್ಗೋದಲ್ಲಿ ಘೋಷಿಸಿತು. ಕಟ್ಟಡಗಳಿಗೂ ನಿಯಮಗಳಿವೆ. ದೊಡ್ಡ ವಾಣಿಜ್ಯ ಕಟ್ಟಡಗಳಿಗೆ 2007ರಲ್ಲಿ ಇಂಧನ ಸಂರಕ್ಷಣಾ ಸಂಹಿತೆ, ವಸತಿ ಕಟ್ಟಡಗಳಿಗೆ 2018ರಲ್ಲಿ 'ಇಕೋ ನಿವಾಸ ಸಂಹಿತಾ' ಬಂದವು. ಆದರೆ ಎರಡನೆಯದನ್ನು ರೂಪಿಸಿದ್ದು 500 ಚದರ ಮೀಟರ್ ಮತ್ತು ಅದಕ್ಕೂ ದೊಡ್ಡ ನಿವೇಶನಗಳಿಗೆ. ಮೂವತ್ತು ನಲವತ್ತರ ಸೈಟು 111 ಚದರ ಮೀಟರನ್ನೂ ಮುಟ್ಟಿ ನಿಲ್ಲುವಷ್ಟೇ! ಅಲ್ಲಿ ತೀರ್ಮಾನ ಮನೆಯವರದು ಮತ್ತು ಮೇಸ್ತ್ರಿಯದು. ಸಾಲ ಮಾಡಿ ಒಮ್ಮೆ ಹಾಕಿದ ತಾರಸಿ ಮಕ್ಕಳ ಕಾಲದವರೆಗೂ ಇರುತ್ತದೆ. ಅದರ ಸೆಕೆಯೂ ಇರುತ್ತದೆ.

ಆದ್ದರಿಂದ ಪಾಯ ತೋಡುವ ಮೊದಲೇ ಯೋಚಿಸಬೇಕು. ಪಡುವಣ ಗೋಡೆಗೆ ದೊಡ್ಡ ಕಿಟಕಿ ಬೇಡ; ಇಟ್ಟರೆ ಮುಂದೆ ಮರದ ನೆರಳಿರಲಿ. ಕಿಟಕಿಗಳು ಎದುರುಬದುರಾಗಿರಲಿ, ಮೇಲೆ ಅಗಲವಾದ ಸಜ್ಜಾ ಇರಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರವು, ಮಣ್ಣಿಗೆ ತುಸು ಸಿಮೆಂಟ್ ಬೆರೆಸಿ ಯಂತ್ರದಲ್ಲಿ ಒತ್ತಿದ ಇಟ್ಟಿಗೆಗಳನ್ನು ಬಳಕೆಗೆ ತಂದಿತು. ಅವನ್ನು ಗೂಡಿನಲ್ಲಿ ಸುಡಬೇಕಾಗಿಲ್ಲ. ಸೌದೆ, ಕಲ್ಲಿದ್ದಲು ಉಳಿಯುತ್ತವೆ.

ಮನೆ ಆಗಲೇ ಕಟ್ಟಿಯಾಗಿದ್ದರೆ? ಬೇಸಿಗೆಗೆ ಮುಂಚೆ ತಾರಸಿಗೆ ಬಿಳಿ ಸುಣ್ಣ ಬಳಿಯಬಹುದು. ಬಿಳಿಯ ಬಣ್ಣ ಬಿಸಿಲನ್ನು ಹಿಂದಕ್ಕೆ ಪ್ರತಿಫಲಿಸುತ್ತದೆ.

ವಿದ್ಯಾರ್ಥಿಗಳು ಇದನ್ನು ತಾವೇ ಪರೀಕ್ಷಿಸಬಹುದು. ಒಂದೇ ಅಳತೆಯ ಎರಡು ತಗಡಿನ ಡಬ್ಬಿ ತೆಗೆದುಕೊಳ್ಳಿ. ಒಂದಕ್ಕೆ ಸುಣ್ಣ, ಇನ್ನೊಂದಕ್ಕೆ ಮಸಿ ಬಳಿದು, ಸಮನಾಗಿ ನೀರು ತುಂಬಿ, ಮುಚ್ಚಿ ಎರಡು ಗಂಟೆ ಬಿಸಿಲಿನಲ್ಲಿಡಿ. ಆಮೇಲೆ ತಾಪಮಾಪಕದಿಂದ ಎರಡರ ಉಷ್ಣತೆಯನ್ನೂ ನೋಡಿ ಬರೆದುಕೊಳ್ಳಿ. ಮನೆ ಕಟ್ಟಿಸುವ ಮಾತು ನಡೆಯುತ್ತಿದ್ದರೆ ಆ ಪುಸ್ತಕವನ್ನು ಅಪ್ಪ ಅಮ್ಮನಿಗೆ ತೋರಿಸಿ, ಮೇಸ್ತ್ರಿಗೂ ತೋರಿಸಿ.