ಒಂದೇ ಸ್ಕೂಟರ್, ಎರಡು ಕಣ್ಣು

ಬಾಲಿ ದ್ವೀಪದ ಕೂಟಾ, ಚಾಂಗು, ಉಲುವಾಟು ಕಡಲತೀರಗಳಲ್ಲಿ ಬಾಡಿಗೆಗೆ ಸಿಗುವ ಅನೇಕ ಸ್ಕೂಟರ್‌ಗಳ ಎಡಮಗ್ಗುಲಿಗೆ ಎರಡು ಕಬ್ಬಿಣದ ಕೊಕ್ಕೆಗಳಿರುತ್ತವೆ. ಬಾಗಿಸಿದ ಸರಳು, ಅದಕ್ಕೆ ಸುತ್ತಿದ ಸ್ಪಂಜು, ಬಿಗಿಯಲು ಒಂದು ರಬ್ಬರ್ ಪಟ್ಟಿ: ಸರ್ಫ್‌ಬೋರ್ಡನ್ನು ಪುಟ್ಟ ದ್ವಿಚಕ್ರ ವಾಹನದ ಮೇಲೆ ಸಾಗಿಸಲು ಇಷ್ಟು ಸಾಕು. ಇಂಡೋನೇಷ್ಯಾದಲ್ಲಿ ವಾಹನಗಳು ರಸ್ತೆಯ ಎಡಬದಿಯಲ್ಲಿ ಸಾಗುತ್ತವೆ. ಆದ್ದರಿಂದ ಎದುರಿನಿಂದ ಬರುವ ವಾಹನಕ್ಕೆ ಹಲಗೆ ತಗಲದಿರಲೆಂದು ಕೊಕ್ಕೆಗಳು ಎಡಕ್ಕಿವೆ. ಸವಾರನ ದೃಷ್ಟಿಯಿಂದ ಇದು ಜಾಣ ಏರ್ಪಾಡು. ಆದರೆ ಆ ಎಡಬದಿಯಲ್ಲಿ ನಡೆಯುವವರು ಯಾರು? ಕಾಲುದಾರಿಯಿಲ್ಲದ ಓಣಿಯ ಅಂಚಿನಲ್ಲಿ ಶಾಲೆಗೆ ಹೊರಟ ಮಗು, ದೇವಾಲಯಕ್ಕೆ ಪೂಜಾಸಾಮಗ್ರಿ ಒಯ್ಯುವ ಹೆಂಗಸು, ತಳ್ಳುಗಾಡಿಯ ವ್ಯಾಪಾರಿ. ಆರು ಅಡಿಯ, ಕೆಲವೊಮ್ಮೆ ಒಂಬತ್ತು ಅಡಿಯ ಹಲಗೆಯ ಅಪಾಯವನ್ನು ನಡುರಸ್ತೆಯಿಂದ ತಪ್ಪಿಸಿ ಇವರ ಮೊಣಕೈಯ ಪಕ್ಕಕ್ಕೆ ತಂದಿಡಲಾಗಿದೆ. ಪ್ರವಾಸೋದ್ಯಮದ ಅರ್ಥಶಾಸ್ತ್ರವನ್ನು ಇದಕ್ಕಿಂತ ಸರಳವಾಗಿ ವಿವರಿಸುವ ಚಿತ್ರ ದೊರೆಯಲಾರದು.

ಆದರೂ ಹಲಗೆ ಹೊತ್ತ ಸ್ಕೂಟರ್ ಇಂದು ಸ್ವಾತಂತ್ರ್ಯದ ಜಾಹೀರಾತಾಗಿದೆ. ಬರಿಮೈ, ಬರಿದಲೆ, ಬರಿಗಾಲು, ಹಿನ್ನೆಲೆಯಲ್ಲಿ ಹಸಿರು ಗದ್ದೆ: ಈ ಚಿತ್ರಕ್ಕೆ ಜಗತ್ತು ಮೆಚ್ಚುಗೆ ಸೂಚಿಸುತ್ತದೆ. ಅದೇ ಓಣಿಯಲ್ಲಿ ಅದೇ ಸ್ಕೂಟರಿನ ಮೇಲೆ ಸ್ಥಳೀಯನೊಬ್ಬ ಗ್ಯಾಸ್ ಸಿಲಿಂಡರ್, ಹುಲ್ಲಿನ ಹೊರೆ, ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಹೇರಿಕೊಂಡು ಹೋದರೆ ಅದು ‘ಮೂರನೇ ಜಗತ್ತಿನ ಅವ್ಯವಸ್ಥೆ’ಯಾಗುತ್ತದೆ, ನಗೆಯ ವಸ್ತುವಾಗುತ್ತದೆ. ಎರಡು ವಾಹನಗಳೂ ಒಂದೇ, ಸಮತೋಲನದ ಭೌತಶಾಸ್ತ್ರವೂ ಒಂದೇ. ಬದಲಾಗಿರುವುದು ಸವಾರನ ಪಾಸ್‌ಪೋರ್ಟ್ ಮತ್ತು ಹೊರೆಯ ಉದ್ದೇಶ ಮಾತ್ರ. ಆಟಕ್ಕಾಗಿ ಹೊತ್ತ ಹೊರೆ ಸಾಹಸವೆನಿಸಿಕೊಳ್ಳುತ್ತದೆ, ಅನ್ನಕ್ಕಾಗಿ ಹೊತ್ತದ್ದು ಅನಾಗರಿಕತೆಯಾಗುತ್ತದೆ. ಕರಾವಳಿಯಲ್ಲಿ ಬೆಳಗಿನ ಜಾವ ಮೀನಿನ ಪೆಟ್ಟಿಗೆ ಕಟ್ಟಿಕೊಂಡು ಹಾರ್ನ್ ಒತ್ತುತ್ತ ಬರುವವನನ್ನೂ, ಬಯಲುಸೀಮೆಯಲ್ಲಿ ಟಿವಿಎಸ್ ಮೊಪೆಡ್ಡಿನ ಮೇಲೆ ಹಾಲಿನ ಕ್ಯಾನು, ಮೇವಿನ ಹೊರೆ ಸಾಗಿಸುವವನನ್ನೂ ಕಂಡು ಬೆಳೆದ ಕನ್ನಡಿಗರಿಗಾದರೂ ಈ ಎರಡು ಕಣ್ಣಿನ ನೋಟ ಕೂಡಲೇ ಅರ್ಥವಾಗಬೇಕಿತ್ತು.

ಈ ನೋಟಕ್ಕೆ ಒಂದು ಇತಿಹಾಸವಿದೆ. 1936ರಲ್ಲಿ ಅಮೆರಿಕದ ರಾಬರ್ಟ್ ಕೋಕ್ ಮತ್ತು ಲೂಯಿಸ್ ಗ್ಯಾರೆಟ್ ಕೂಟಾ ತೀರದಲ್ಲಿ ಹೋಟೆಲೊಂದನ್ನು ಕಟ್ಟಿದರು. ಹವಾಯಿಯ ಮೂಲನಿವಾಸಿಗಳ ಅಲೆಯಾಟವನ್ನು ಬಾಲಿಗೆ ತಂದವರು ಕೋಕ್ ಎಂಬುದು ಸಾಮಾನ್ಯ ನಂಬಿಕೆ. 1972ರಲ್ಲಿ ಬಿಡುಗಡೆಯಾದ ‘ಮಾರ್ನಿಂಗ್ ಆಫ್ ದಿ ಅರ್ತ್’ ಎಂಬ ಆಸ್ಟ್ರೇಲಿಯಾದ ಚಲನಚಿತ್ರ ಉಲುವಾಟುವಿನ ಅಲೆಗಳನ್ನು ಜಗತ್ತಿಗೆ ತೋರಿಸಿತು. ಯಾರೂ ಇಲ್ಲದ ತೀರ, ಯಾರದೂ ಅಲ್ಲದ ಅಲೆ ಎಂಬ ಕಲ್ಪನೆ ಅಲ್ಲಿಂದೀಚೆಗೆ ಗಟ್ಟಿಯಾಯಿತು. ವಾಸ್ತವದಲ್ಲಿ ಬಾಲಿ ಸುಮಾರು 43 ಲಕ್ಷ ಜನರ ಮನೆ. 2012ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ‘ಸುಬಕ್’ ಎಂಬ ಸಾಮುದಾಯಿಕ ನೀರಾವರಿ ವ್ಯವಸ್ಥೆಯ ನೆಲ ಅದು. 2024ರಲ್ಲಿ ಆ ದ್ವೀಪಕ್ಕೆ ಬಂದ ವಿದೇಶಿಯರ ಸಂಖ್ಯೆ 60 ಲಕ್ಷವನ್ನು ದಾಟಿತು. ಗದ್ದೆಗಳ ನಡುವಿನ ಕಿರಿದಾದ ದಾರಿಗಳು ಈ ದಟ್ಟಣೆಗಾಗಿ ಹುಟ್ಟಿದವಲ್ಲ.

ಈಗ ಮುಖ್ಯ ಪ್ರಶ್ನೆ: ಹಲಗೆ ಹೊತ್ತ ಸ್ಕೂಟರ್ ಉರುಳಿದಾಗ ಬೆಲೆ ತೆರುವವರು ಯಾರು? ಇಂಡೋನೇಷ್ಯಾದ 2009ರ ಸಂಚಾರ ಕಾನೂನಿನಂತೆ ಚಾಲನಾ ಪರವಾನಗಿಯೂ ಹೆಲ್ಮೆಟ್ಟೂ ಕಡ್ಡಾಯ. ಆದರೆ ಬಾಡಿಗೆಯ ಅಂಗಡಿಯಲ್ಲಿ ಹಣ ಕೇಳುವಷ್ಟು ನಿಷ್ಠೆಯಿಂದ ಪರವಾನಗಿಯನ್ನು ಕೇಳುವುದಿಲ್ಲ. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯ ಮೋಟಾರ್‌ಸೈಕಲ್ ಸವಾರರಿಗೆ ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿದ್ದು 1961ರಲ್ಲೇ. ಆ ರಾಜ್ಯದಲ್ಲಿ ಆರು ದಶಕಗಳಿಂದ ನಿಯಮ ಪಾಲಿಸುತ್ತ ಬಂದ ಸಮಾಜದ ಪ್ರಜೆ ವಿಮಾನದಿಂದಿಳಿದ ಮರುದಿನವೇ ತಲೆಯನ್ನು ಗಾಳಿಗೊಡ್ಡುತ್ತಾನೆ. ಕಾನೂನು ಪಾಲಿಸುವ ಗುಣ ಅವನ ರಕ್ತದಲ್ಲಿರಲಿಲ್ಲ, ದಂಡದ ಭಯದಲ್ಲಿತ್ತು ಎಂಬುದಕ್ಕೆ ಬೇರೆ ಪುರಾವೆ ಬೇಕೆ? ಅವನು ಬಿದ್ದರೆ ದೂರದ ಬಂಧುಗಳು ಅಂತರಜಾಲದಲ್ಲಿ ದೇಣಿಗೆ ಎತ್ತಬಲ್ಲರು. ಅವನು ಬೀಳಿಸಿದ ಪಾದಚಾರಿಗೆ ಮುಖ್ಯ ಆಸರೆ ಜಾಸಾ ರಾಹಾರ್ಜಾ ಎಂಬ ಸರ್ಕಾರಿ ವಿಮಾ ಸಂಸ್ಥೆ. ಅದು ಚಿಕಿತ್ಸೆಗೆ ಕೊಡುವ ಗರಿಷ್ಠ ನೆರವು 2 ಕೋಟಿ ರೂಪಿಯಾ, ಅಂದರೆ ಸುಮಾರು ಒಂದು ಲಕ್ಷ ಭಾರತೀಯ ರೂಪಾಯಿ. ಮುರಿದ ಬೆನ್ನುಮೂಳೆಗೆ ಅದೆಷ್ಟು ದಿನ ಸಾಕು? ಜಗತ್ತಿನ ರಸ್ತೆಗಳಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ಸಾಯುತ್ತಾರೆಂದೂ, ಆ ಸಾವುಗಳಲ್ಲಿ ಶೇ. 92ರಷ್ಟು ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಸಂಭವಿಸುತ್ತವೆಂದೂ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಈ ಅಸಮಾನತೆಯ ರಸ್ತೆಗೆ ವಿನೋದಕ್ಕಾಗಿ ಇನ್ನಷ್ಟು ಅಪಾಯ ಸೇರಿಸುವುದನ್ನು ಸ್ವಾತಂತ್ರ್ಯವೆಂದು ಕರೆಯುವುದು ಭಾಷೆಗೆ ಬಗೆದ ದ್ರೋಹ.

ಹಾಗಾದರೆ ನಿಷೇಧವೇ ಪರಿಹಾರವೆ? 2023ರ ಮಾರ್ಚ್‌ನಲ್ಲಿ ಬಾಲಿಯ ರಾಜ್ಯಪಾಲ ವಯನ್ ಕೋಸ್ಟರ್ ವಿದೇಶಿ ಪ್ರವಾಸಿಗರು ಸ್ಕೂಟರ್ ಬಾಡಿಗೆ ಪಡೆಯುವುದನ್ನೇ ನಿಲ್ಲಿಸಬೇಕೆಂದೂ, ಪ್ರವಾಸಿ ಸಂಸ್ಥೆಗಳ ವಾಹನಗಳನ್ನೇ ಅವರು ಬಳಸಬೇಕೆಂದೂ ಸೂಚಿಸಿದರು. ಇದನ್ನು ಒಪ್ಪಲಾಗದು. ಪಾಸ್‌ಪೋರ್ಟಿನ ಬಣ್ಣ ನೋಡಿ ರಸ್ತೆಯ ಹಕ್ಕನ್ನು ಹಂಚುವುದು ಪ್ರಗತಿಪರ ನಿಲುವಾಗಲಾರದು. ಮೇಲಾಗಿ, ಸ್ಕೂಟರಿನಿಂದ ಇಳಿದ ಪ್ರವಾಸಿ ಕಾರನ್ನೇರಿದರೆ ಅದೇ ಹಲಗೆಗಾಗಿ ಓಣಿಯ ಮೂರುಪಟ್ಟು ಜಾಗ ಬೇಕಾಗುತ್ತದೆ. ಲಾಭ ಕಾರಿನ ಒಡೆಯರಿಗೆ, ನಷ್ಟ ಸ್ಕೂಟರ್ ಬಾಡಿಗೆಯ ಸಣ್ಣ ಕುಟುಂಬಗಳಿಗೆ. ನಿಜವಾದ ಪರ್ಯಾಯವಾದ ಸಾರ್ವಜನಿಕ ಸಾರಿಗೆಯ ಸ್ಥಿತಿಯಾದರೂ ಏನು? 2020ರಲ್ಲಿ ಆರಂಭವಾದ ಟ್ರಾನ್ಸ್ ಮೆಟ್ರೋ ದೇವಾಟಾ ಬಸ್ಸು ಸೇವೆ ಅನುದಾನವಿಲ್ಲದೆ 2025ರ ಜನವರಿಯಲ್ಲಿ ನಿಂತೇಹೋಯಿತು. ಅದಕ್ಕೆ ಮತ್ತೆ ಚಾಲನೆ ದೊರೆಯಲು ತಿಂಗಳುಗಳೇ ಬೇಕಾದವು. ವಿದೇಶಿ ಪ್ರವಾಸಿಗರಿಂದ ತಲಾ 1,50,000 ರೂಪಿಯಾ ಶುಲ್ಕವನ್ನು 2024ರ ಫೆಬ್ರವರಿಯಿಂದ ವಸೂಲಿ ಮಾಡುತ್ತಿರುವ ದ್ವೀಪದಲ್ಲಿ ನಡೆದ ಸಂಗತಿಯಿದು.

‘ಪ್ರವಾಸಿಗರಿಂದಲೇ ಅಲ್ಲಿನವರ ಹೊಟ್ಟೆ ತುಂಬುತ್ತಿದೆ’ ಎಂಬ ವಾದ ಸದಾ ಸಿದ್ಧವಾಗಿರುತ್ತದೆ. ಕೊಕ್ಕೆ ಬೆಸೆಯುವ ವೆಲ್ಡರ್, ಅಲೆಯಾಟ ಕಲಿಸುವ ಮೀನುಗಾರರ ಮಗ, ಹಲಗೆ ದುರಸ್ತಿ ಮಾಡುವವ ಎಲ್ಲರೂ ಇದರಿಂದ ಬದುಕುತ್ತಿರುವುದು ನಿಜ. ಆದರೆ ಅನ್ನ ಕೊಟ್ಟವನಿಗೆ ಎಲುಬು ಮುರಿಯುವ ಹಕ್ಕೂ ಇದೆಯೆನ್ನುವುದು ಜಮೀನ್ದಾರನ ತರ್ಕ. ಕರ್ನಾಟಕದ ಗೇಣಿ ಹೋರಾಟಗಳು ಸೋಲಿಸಿದ ತರ್ಕವನ್ನು ರಜೆಯ ದಿನಗಳಲ್ಲಿ ಮತ್ತೆ ಎತ್ತಿ ಮುದ್ದಾಡಬೇಕೆ?

ಈ ಪ್ರಶ್ನೆ ಬಿಳಿಯರಿಗಷ್ಟೇ ಸೇರಿದ್ದಲ್ಲ. ಇತ್ತೀಚಿನ ವರ್ಷಗಳಲ್ಲಿ ಬಾಲಿಗೆ ಬರುವ ವಿದೇಶಿಯರಲ್ಲಿ ಆಸ್ಟ್ರೇಲಿಯನ್ನರ ನಂತರದ ಸ್ಥಾನ ಭಾರತೀಯರದು. ಸಿಂಗಪುರ, ಮೆಲ್ಬರ್ನ್‌ಗಳಿಂದ ಹೊರಡುವ ವಲಸಿಗ ಕನ್ನಡಿಗರೂ ಆ ಓಣಿಗಳಲ್ಲಿ ಸ್ಕೂಟರ್ ಓಡಿಸುತ್ತಾರೆ. ತಾವು ನೆಲೆಸಿದ ದೇಶದಲ್ಲಿ ಜನಾಂಗೀಯ ನೋಟಕ್ಕೆ ಗುರಿಯಾದವರು ಇಲ್ಲಿ ಅದೇ ನೋಟವನ್ನು ಕಣ್ಣಿಗೆ ತೊಟ್ಟುಕೊಳ್ಳುವುದು ವಿಪರ್ಯಾಸವಲ್ಲ, ವರ್ಗದ ನೇರ ಪರಿಣಾಮ. ಇತ್ತ ಶಾಂಭವಿ ಮತ್ತು ನಂದಿನಿ ನದಿಗಳು ಕಡಲನ್ನು ಸೇರುವ ಮೂಲ್ಕಿಯ ಬಳಿಯ ಸಸಿಹಿತ್ಲು 2016ರಿಂದ ರಾಷ್ಟ್ರೀಯ ಸರ್ಫಿಂಗ್ ಸ್ಪರ್ಧೆಗಳಿಗೆ ತಾಣವಾಗಿದೆ. ತುಳುನಾಡಿನ ಮಕ್ಕಳು ಅಲೆಗಳ ಮೇಲೆ ನಿಲ್ಲುವುದು ಹೆಮ್ಮೆಯ ವಿಷಯವೇ. ಆದರೆ ಆ ಹಳ್ಳಿಯ ದಾರಿಗಳೂ ಕಿರಿದು, ಅಲ್ಲಿಯೂ ಎಡಬದಿಯಲ್ಲಿ ನಡೆಯುವವರು ಮೀನು ಮಾರುವ ಹೆಂಗಸರೇ.

ಬೇಡಿಕೆಗಳು ದೊಡ್ಡವಲ್ಲ. ಪರವಾನಗಿಯಿಲ್ಲದವರಿಗೆ, ಅವರು ಯಾವ ದೇಶದವರೇ ಆಗಿರಲಿ, ಸ್ಕೂಟರ್ ಕೊಡಕೂಡದು. ಬಾಡಿಗೆಯೊಂದಿಗೆ ಹೆಲ್ಮೆಟ್ಟೂ, ಮೂರನೆಯವರ ಗಾಯಕ್ಕೆ ನಿಜವಾಗಿ ಸಾಲುವಷ್ಟು ವಿಮೆಯೂ ಸೇರಿರಬೇಕು. ತೀರದ ಬಳಿಯೇ ಹಲಗೆ ಇಡಲು ಹಳ್ಳಿಯ ಸಹಕಾರ ಸಂಘ ನಡೆಸುವ ಕೊಠಡಿಗಳಿದ್ದರೆ ಪ್ರತಿದಿನ ಅದನ್ನು ಹೊತ್ತು ತಿರುಗುವ ಅಗತ್ಯವೇ ಬಾರದು, ಅದರ ಬಾಡಿಗೆಯೂ ಹಳ್ಳಿಯಲ್ಲೇ ಉಳಿಯುತ್ತದೆ. ಇಷ್ಟನ್ನು ಒಪ್ಪದ ಸ್ವಾತಂತ್ರ್ಯಪ್ರಿಯರು ತಮ್ಮ ಹಲಗೆಯನ್ನು ಸ್ಕೂಟರಿನ ಬಲಮಗ್ಗುಲಿಗೆ ಕಟ್ಟಿಕೊಳ್ಳಲಿ. ಎದುರಿನಿಂದ ಬರುವ ಲಾರಿಗೆ ತಮ್ಮ ಸ್ವಾತಂತ್ರ್ಯದ ಅರ್ಥವನ್ನು ಅವರೇ ವಿವರಿಸಲಿ.