ವಿಜ್ಞಾನ ವಿಚಾರ: ನೀರಿನೊಳಗಣ ರೆಕ್ಕೆ

ದೋಣಿಗೆ ರೆಕ್ಕೆಯೇತಕ್ಕೆಂದು ವಾಚಕರು ಕೇಳಬಹುದು. ಹೊಳೆಯ ನೀರಿನಲ್ಲಿ ಅಂಗೈಯನ್ನು, ಮುಂದಿನ ಅಂಚು ಕೊಂಚ ಮೇಲಾಗುವಂತೆ ಹಿಡಿದು, ಬಿರುಸಾಗಿ ಮುಂದಕ್ಕೆ ನೂಕಿ ನೋಡಿರಿ. ಕೈ ತಾನಾಗಿಯೇ ಮೇಲೇಳುವುದು. ಗಾಳಿಯು ವಿಮಾನವನ್ನೆತ್ತುವುದೂ ಇದೇ ನಿಯಮದಿಂದ. ನೀರು ಗಾಳಿಗಿಂತ ಸುಮಾರು 800 ಪಾಲು ಸಾಂದ್ರವಾದುದರಿಂದ, ಅದರೊಳಗೆ ಕಿರಿದಾದ ರೆಕ್ಕೆಯೇ ದೊಡ್ಡ ಭಾರವನ್ನು ಹೊರಬಲ್ಲುದು. ದೋಣಿಯ ಒಡಲು ನೀರನ್ನು ಬಿಟ್ಟು ಮೇಲೆದ್ದಿತೆಂದರೆ, ನೀರಿನ ತಡೆಯು ಬಹಳ ಮಟ್ಟಿಗೆ ತಪ್ಪಿ ವೇಗವು ಹೆಚ್ಚುವುದು.

ಈ ವಿದ್ಯೆಯನ್ನು ಬೆಳೆಸಿದ ಮೊದಲಿಗರಲ್ಲಿ ಇಟಲಿಯ ಎನ್ರಿಕೊ ಫೋರ್ಲಾನಿನಿಯು ಪ್ರಮುಖನು. 1877ರಲ್ಲಿ ಉಗಿಯಂತ್ರದ ಪುಟ್ಟ ಹೆಲಿಕಾಪ್ಟರೊಂದನ್ನು ನೆಲದಿಂದೇರಿಸಿದ್ದ ಈತನು, 1906ರಲ್ಲಿ ಮಜ್ಜೋರೆ ಸರೋವರದ ಮೇಲೆ ತನ್ನ ರೆಕ್ಕೆದೋಣಿಯನ್ನು ಗಂಟೆಗೆ 40 ಮೈಲಿಗೂ ಮಿಕ್ಕ ವೇಗದಿಂದ ಓಡಿಸಿದನು.

ಟೆಲಿಫೋನಿನ ನಿರ್ಮಾತೃವಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನಿಗೂ ಹಾರಾಟದ ಹಂಬಲವಿದ್ದಿತು. 1907ರಲ್ಲಿ ನಾಲ್ವರು ತರುಣರೊಡನೆ ಆತನು ವೈಮಾನಿಕ ಪ್ರಯೋಗ ಸಂಘವನ್ನು ಕಟ್ಟಿದನು. ಅದಕ್ಕೆ ಹಣವನ್ನಿತ್ತವಳು ಆತನ ಪತ್ನಿ ಮೇಬೆಲ್. ಬಾಲ್ಯದಲ್ಲಿಯೇ ಜ್ವರದಿಂದ ಕಿವಿಗಳನ್ನು ಕಳೆದುಕೊಂಡು, ಪತಿಯ ಟೆಲಿಫೋನಿನ ದನಿಯನ್ನೆಂದೂ ಕೇಳದಿದ್ದ ಸಾಧ್ವಿ. ಆ ಕಾಲದಲ್ಲಿ ಹಾರಾಟವೆಂದರೆ ಪ್ರಾಣವನ್ನು ಪಣವಿಟ್ಟ ಆಟ. 1908ನೆಯ ಸೆಪ್ಟೆಂಬರ್ 17ರಂದು ಸಂಘದ ತರುಣನೊಬ್ಬನಾದ ಸೆಲ್‌ಫ್ರಿಜ್, ಆರ್ವಿಲ್ ರೈಟನೊಡನೆ ಹಾರುತ್ತಿದ್ದಾಗ ವಿಮಾನವು ಬಿದ್ದು ಮಡಿದನು.

ನೆಲಕ್ಕಿಂತ ನೀರಿನ ಮೇಲಿಂದ ಏರಿ ಇಳಿಯುವುದೇ ಕ್ಷೇಮವೆಂಬುದು ಬೆಲ್ಲನ ಎಣಿಕೆ. ಆದರೆ ನೀರು ವಿಮಾನದ ಒಡಲನ್ನು ಹಿಡಿದೆಳೆಯುವುದಷ್ಟೆ. ಅದನ್ನು ಬಿಡಿಸಲೆಂದೇ ಆತನೂ ಸಂಗಡಿಗನಾದ ಬಾಲ್ಡ್‌ವಿನ್ನನೂ ನೀರಿನೊಳಗಣ ರೆಕ್ಕೆಯ ಪ್ರಯೋಗಕ್ಕೆ ತೊಡಗಿದರು. 1911ರಲ್ಲಿ ಇಟಲಿಗೆ ಹೋಗಿ ಫೋರ್ಲಾನಿನಿಯ ದೋಣಿಯಲ್ಲಿ ತಾವೇ ಕುಳಿತು ನೋಡಿದರು. ಬಳಿಕ ಕೆನಡಾದ ಬ್ಯಾಡೆಕ್ ಎಂಬಲ್ಲಿ ‘ಎಚ್‌.ಡಿ.-4’ ಎಂಬ 60 ಅಡಿ ಉದ್ದದ ದೋಣಿಯು ಸಿದ್ಧವಾಯಿತು. ಅದರ ಉಕ್ಕಿನ ರೆಕ್ಕೆಗಳು ಏಣಿಯ ಮೆಟ್ಟಿಲುಗಳಂತೆ ಒಂದರ ಮೇಲೊಂದಿದ್ದವು. ವೇಗವೇರಿದಂತೆ ಮೇಲಿನವು ನೀರಿನಿಂದ ಹೊರಬರುವುವು, ಕೆಳಗಿನವೇ ಭಾರವನ್ನು ಹೊರುವುವು. ಅದನ್ನು ನೂಕುತ್ತಿದ್ದುದು ವಿಮಾನಗಳ ಎರಡು ಎಂಜಿನುಗಳು, ಗಾಳಿಯಲ್ಲಿ ತಿರುಗುವ ಪಂಕಗಳು. 1919ನೆಯ ಸೆಪ್ಟೆಂಬರ್ 9ರಂದು ಅದು ಗಂಟೆಗೆ 70.86 ಮೈಲಿ ಓಡಿ, ನೀರಿನ ಮೇಲೆ ಅಂದಿನವರೆಗಿನ ವೇಗಗಳೆಲ್ಲವನ್ನೂ ಮೀರಿಸಿತು.

ಆದರೂ ಯಾವ ನೌಕಾಪಡೆಯೂ ಅದನ್ನು ಕೊಳ್ಳಲಿಲ್ಲ. 1922ರಲ್ಲಿ ಬೆಲ್ಲನು ತೀರಿಕೊಂಡನು. ಫೋರ್ಲಾನಿನಿಯ ಆ ಮಜ್ಜೋರೆ ಸರೋವರದಲ್ಲಿಯೇ 1953ರಲ್ಲಿ ರೆಕ್ಕೆದೋಣಿಗಳು ಪ್ರಯಾಣಿಕರನ್ನು ಹೊತ್ತು ಓಡಾಡತೊಡಗಿದವು. ವಿಮಾನಕ್ಕೆ ಊರುಗೋಲಾಗಲೆಂದು ಹೊರಟ ರೆಕ್ಕೆಯು ಕಡೆಗೆ ದೋಣಿಯನ್ನೇ ಎತ್ತಿ ನಡೆಸಿತು. ಎಣಿಸಿದ ಫಲವು ದೊರೆಯದಿದ್ದರೂ ಪ್ರಯತ್ನವು ವ್ಯರ್ಥವಾಗದೆಂಬುದಕ್ಕೆ ಇದಕ್ಕಿಂತ ನಿದರ್ಶನವೇಕೆ?