ಹಾಜರಿ ಪುಸ್ತಕದಲ್ಲೂ ಇದ್ದಾರೆ, ಹತ್ತಿ ಹೊಲದಲ್ಲೂ ಇದ್ದಾರೆ

ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಮುಖ ಗುರುತಿಸಿ ಹಾಜರಿ ಹಾಕುವ ಕ್ಯಾಮೆರಾ ಬೇಕೇ ಬೇಡವೇ ಎಂಬ ವಾದದಲ್ಲಿ ಮಕ್ಕಳ ಖಾಸಗಿತನದ ಪ್ರಶ್ನೆ ಎತ್ತಿದವರು ಸರಿಯಾಗಿಯೇ ಎತ್ತಿದ್ದಾರೆ. ಆದರೆ ಗೈರಾಗುವ ಮಕ್ಕಳು ಇದರಿಂದ ತಕ್ಷಣ ಗೊತ್ತಾಗುತ್ತಾರೆ ಎಂಬ ಸಮರ್ಥನೆ ಕೇಳಿದರೆ ನಗು ಬರುತ್ತದೆ. ರಾಯಚೂರು, ಯಾದಗಿರಿ ಸೀಮೆಯ ಯಾವುದಾದರೂ ಹಳ್ಳಿಯ ಮಾಸ್ತರರನ್ನು ಸೆಪ್ಟೆಂಬರ್‌ನಲ್ಲಿ ಕೇಳಿ ನೋಡಿ. ಆರನೇ ತರಗತಿಯ ಯಾವ ಹುಡುಗಿ ಇವತ್ತು ಯಾರ ಹೊಲದಲ್ಲಿದ್ದಾಳೆ ಎಂದು ಕೂತಲ್ಲಿಂದಲೇ ಹೇಳುತ್ತಾರೆ. ಗೊತ್ತಿಲ್ಲದಿರುವುದು ಇಲ್ಲಿ ಎಂದೂ ಸಮಸ್ಯೆಯಾಗಿರಲಿಲ್ಲ. ಮರಳಿ ಶಾಲೆಗೆ ಕರೆತರುವ ನಮ್ಮ ವ್ಯವಸ್ಥೆಯೆಲ್ಲ ಶಾಲೆ ಬಿಟ್ಟೇಹೋದ ಮಗುವಿಗಾಗಿ ಕಟ್ಟಿದ್ದು. ಹಳ್ಳಿಯಲ್ಲಿ ದುಡಿಯುವ ಮಕ್ಕಳಲ್ಲಿ ಹೆಚ್ಚಿನವರು ಶಾಲೆ ಬಿಟ್ಟವರಲ್ಲ, ಹಂಗಾಮಿಗೆ ಕಾಣೆಯಾಗುವವರು.

ಇದು ಊಹೆಯಲ್ಲ. 2011ರ ಜನಗಣತಿಯಲ್ಲಿ 5ರಿಂದ 14 ವರ್ಷದೊಳಗಿನ ದುಡಿಯುವ ಮಕ್ಕಳು 1.01 ಕೋಟಿ. ಆದರೆ ಕಾರ್ಮಿಕ ಸಚಿವಾಲಯದ ಟಿಪ್ಪಣಿಗಳಲ್ಲಿ ಓಡಾಡಿದ ಅಂಕಿ 43.53 ಲಕ್ಷ. 2001ರಲ್ಲಿ 1.26 ಕೋಟಿ ಇದ್ದದ್ದು ಇಷ್ಟಕ್ಕಿಳಿಯಿತು, ನಮ್ಮ ಶ್ರಮ ಫಲ ಕೊಟ್ಟಿತು ಎಂದು ಬೆನ್ನು ತಟ್ಟಿಕೊಂಡದ್ದೂ ಆಯಿತು. 43.53 ಲಕ್ಷ ಎಂದರೆ ವರ್ಷದಲ್ಲಿ ಆರು ತಿಂಗಳು ಅಥವಾ ಹೆಚ್ಚು ದುಡಿದವರು ಮಾತ್ರ. 2001ರ ಅಂಕಿಯಲ್ಲಿ ಅದಕ್ಕಿಂತ ಕಡಿಮೆ ದುಡಿದವರೂ ಸೇರಿದ್ದರು. ಸಮನಾಗಿ ಹೋಲಿಸಿದರೆ ಇಳಿಕೆ 25 ಲಕ್ಷ, ಅಷ್ಟೇ. ಲೆಕ್ಕದಿಂದ ಜಾರಿಹೋದ ಮಿಕ್ಕ 58 ಲಕ್ಷ ಮಕ್ಕಳು ಯಾರು? ಎರಡು ತಿಂಗಳು, ಮೂರು ತಿಂಗಳು, ಐದು ತಿಂಗಳು ದುಡಿದವರು. ಅಂದರೆ ಅರ್ಧಕ್ಕಿಂತ ಹೆಚ್ಚು. ಮುಂದಿನ ಜನಗಣತಿಗೆ 2027ರ ಮಾರ್ಚ್ 1 ಆಧಾರ ದಿನ. ಅದರ ಅಂಕಿ ಬಂದಾಗಲೂ ಇದೇ ಕೈಚಳಕ ನಡೆಯುತ್ತದೆಯೇ ಎಂದು ಈಗಿನಿಂದಲೇ ಕಣ್ಣಿಡುವುದು ಒಳ್ಳೆಯದು.

ಆ ಮೂರು ತಿಂಗಳ ದುಡಿಮೆ ಎಂಥದ್ದೆಂದು ನೋಡಲು ಹೈಬ್ರಿಡ್ ಹತ್ತಿ ಬೀಜದ ಹೊಲಕ್ಕೇ ಹೋಗಬೇಕು. ಮಧ್ಯಾಹ್ನ ಇಳಿಯುವಾಗ, ಮರುದಿನ ಅರಳಲಿರುವ ಮೊಗ್ಗುಗಳನ್ನು ಹುಡುಕಿ ಹೆಬ್ಬೆರಳಿನ ಉಗುರಿನಿಂದ ಎಸಳು, ಕೇಸರಗಳನ್ನು ಸುತ್ತ ಸುಲಿಯಬೇಕು. ಉಗುರು ತುಸು ಆಳಕ್ಕೆ ಹೋದರೆ ಕಾಯಿಯೇ ಹೋಯಿತು. ಬೆಳಿಗ್ಗೆ ಬಿಸಿಲು ಏರುವುದರೊಳಗೆ ಗಂಡು ಹೂ ತಂದು ಒಂದೊಂದಕ್ಕೂ ಸವರಬೇಕು. ಇದೇ ಕ್ರಾಸಿಂಗ್. ದಿನವೂ ಹೊಸ ಮೊಗ್ಗು, ಹಾಗಾಗಿ ಒಂದು ದಿನವೂ ಬಿಡುವಂತಿಲ್ಲ. ಧಾರವಾಡದಲ್ಲಿ ಬಿ.ಎಚ್. ಕಟರಕಿಯವರು ವರಲಕ್ಷ್ಮಿ ತಳಿಯನ್ನು ಹೊರತಂದದ್ದು 1972ರಲ್ಲಿ. ಅಂದಿನಿಂದಲೂ ಈ ಕೆಲಸ ಬಹುಪಾಲು ಕೈಯಲ್ಲೇ ನಡೆದಿದೆ, ಆ ಕೈಗಳಲ್ಲಿ ಹುಡುಗಿಯರದ್ದೇ ಹೆಚ್ಚು.

2016ರ ತಿದ್ದುಪಡಿ ಕಾಯ್ದೆ ಮಗು ಶಾಲೆಯ ಸಮಯದ ನಂತರ, ರಜೆಯಲ್ಲಿ ಮನೆಯವರ ಕೆಲಸಕ್ಕೆ ನೆರವಾಗಬಹುದು ಎನ್ನುತ್ತದೆ. ಹೂವಿಗೆ ಶಾಲೆಯ ಗಂಟೆ ಕೇಳಿಸುವುದಿಲ್ಲ. ಬೆಳಗಿನ ಪಾಳಿ ಮೊದಲ ಪಿರಿಯಡ್ಡುಗಳನ್ನು ನುಂಗುತ್ತದೆ, ಮಧ್ಯಾಹ್ನದ್ದು ಕೊನೆಯವನ್ನು. ಬಿಸಿಯೂಟದ ಹೊತ್ತಿಗೆ ಬಂದು ಹೋಗುವುದಕ್ಕೆ ಮಾತ್ರ ಅಡ್ಡಿಯಿಲ್ಲ.

ಇನ್ನು ಹಾಜರಿಯ ನಿಯಮ. ಸರ್ವಶಿಕ್ಷಾ ಅಭಿಯಾನದ ಕಾಲದಿಂದ ಬಂದ ಮಾನದಂಡದ ಪ್ರಕಾರ 45 ದಿನ ಗೈರಾದ ಮೇಲೆ ಮಗು ‘ಶಾಲೆಯಿಂದ ಹೊರಗುಳಿದದ್ದು’. ಹೊರಗುಳಿದ ಮಕ್ಕಳ ಬಗ್ಗೆ 2013ರಲ್ಲಿ ಹೈಕೋರ್ಟ್ ಸ್ವಯಂಪ್ರೇರಿತ ಪ್ರಕರಣ ಕೈಗೆತ್ತಿಕೊಂಡ ಮೇಲೆ ಕರ್ನಾಟಕ ಇದನ್ನು ಏಳು ದಿನಕ್ಕೆ ಇಳಿಸಿಕೊಂಡಿತು. ಒಳ್ಳೆಯದೇ. ಆದರೆ ಸತತ ಗೈರಿನ ಲೆಕ್ಕ ಮುರಿಯಲು ಆರನೇ ದಿನ ಒಮ್ಮೆ ಮುಖ ತೋರಿಸಿದರೆ ಸಾಕು. 45 ದಿನ ಕಾಯುತ್ತ ಕೂತರಂತೂ ಅಷ್ಟರಲ್ಲಿ ಕ್ರಾಸಿಂಗ್ ಅರ್ಧ ಮುಗಿದಿರುತ್ತದೆ.

1988ರಲ್ಲಿ ಶುರುವಾದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯನ್ನು 2021ರ ಏಪ್ರಿಲ್‌ನಿಂದ ಸಮಗ್ರ ಶಿಕ್ಷಾದೊಳಗೆ ಸೇರಿಸಲಾಯಿತು. ಅದರ ವಿಶೇಷ ತರಬೇತಿ ಕೇಂದ್ರಗಳು ಹೋದವು ಎಂದು ಮರುಗುವವರ ಜೊತೆ ನನ್ನ ಸಹಮತ ಅರ್ಧ ಮಾತ್ರ. ಅವು ದುಡಿಮೆಯಿಂದ ಬಿಡಿಸಿದ ಮಗುವಿಗಾಗಿ ಇದ್ದವು, ಶಾಲೆಯಲ್ಲಿ ಹೆಸರಿರುವ ಹುಡುಗಿಗೆ ಅಲ್ಲಿ ಜಾಗವೇ ಇರಲಿಲ್ಲ. ಶಾಲೆಯಲ್ಲಿಲ್ಲದ ಪ್ರತಿ ಮಗುವೂ ಬಾಲಕಾರ್ಮಿಕನೇ ಎಂದು ಹಿಡಿದು, 1990ರ ದಶಕದಲ್ಲಿ ರಂಗಾರೆಡ್ಡಿ ಜಿಲ್ಲೆಯಲ್ಲಿ ಕೆಲಸ ಮಾಡಿದ ಶಾಂತಾ ಸಿನ್ಹಾ ಅವರ ಎಂ.ವಿ. ಫೌಂಡೇಷನ್ ಈ ಭೇದವನ್ನೇ ಒಪ್ಪಲಿಲ್ಲ. ಮಕ್ಕಳನ್ನು ವಸತಿ ಶಿಬಿರದಲ್ಲಿಟ್ಟುಕೊಂಡು ಓದಿಸಿತು. ನಮ್ಮ ‘ಚಿಣ್ಣರ ಅಂಗಳ’ ಸೇತುಬಂಧ ಶಿಬಿರವೇನೋ ನಡೆಸಿತು, ಆದರೆ ಬೇಸಿಗೆ ರಜೆಯಲ್ಲಿ. ಕೆಲಸದ ಹಂಗಾಮು ಇರುವುದು ಮಳೆಗಾಲದಲ್ಲಿ.

ಹಂಗಾಮಿ ವಸತಿ ನಿಲಯಕ್ಕೆ ಸಮಗ್ರ ಶಿಕ್ಷಾದಲ್ಲಿ ಅವಕಾಶವಿದೆ. ಅದನ್ನು ಗುಳೆ ಹೋಗುವವರ ಮಕ್ಕಳಿಗಷ್ಟೇ ಎಂದು ಓದುವುದು ನಿಲ್ಲಬೇಕು, ಬಾಗಿಲು ಆಗಸ್ಟ್ ಮೊದಲ ವಾರವೇ ತೆರೆಯಬೇಕು. ತಂದೆತಾಯಿ ಆ ಹೊತ್ತಿಗೆ ಮುಂಗಡ ಪಡೆದಿರುತ್ತಾರೆ, ನಿಜ. ಹಾಗಾಗಿ ಬಿತ್ತನೆಗೂ ಮೊದಲೇ ಬೀಜ ಕಂಪನಿಯನ್ನು ಹಿಡಿಯಬೇಕು. ಯಾವ ಊರಿನ ಯಾವ ರೈತನಿಗೆ ಗಂಡು–ಹೆಣ್ಣು ಬೀಜ ಕೊಟ್ಟಿದ್ದೇವೆ ಎಂಬ ಪಟ್ಟಿ ಕಂಪನಿಯ ಆರ್ಗನೈಸರ್‌ ಕೈಯಲ್ಲಿರುತ್ತದೆ, ಜೂನ್‌ನಲ್ಲೇ. ಅದನ್ನು ಕಾರ್ಮಿಕ ಇಲಾಖೆ ಕೇಳಿ ಪಡೆದು, ಬಿಇಒ ಕಚೇರಿಯಲ್ಲಿರುವ ಹಿಂದಿನ ವರ್ಷದ ಸೆಪ್ಟೆಂಬರ್ ಗೈರುಹಾಜರಿಯ ಪಕ್ಕ ಇಟ್ಟು ನೋಡಲಿ. ಒಬ್ಬ ಗುಮಾಸ್ತ, ಒಂದು ಮಧ್ಯಾಹ್ನದ ಕೆಲಸ ಇದು.